ದನಿಯುಡುಗಿದ ಕಂಪ್ಯೂಟರು

ಮನೆಯ ಮಾಡಿನಲ್ಲಿ ಒಂದು ಹೆಂಚು ಒಡೆದು ಮಳೆಯ ನೀರು ಸೋರತೊಡಗಿದರೆ ಮನೆಯನ್ನೇ ಕೆಡವಿ ಹೊಸದನ್ನು ಕಟ್ಟಿಸುವವರು ಯಾರೂ ಇಲ್ಲ. ನೇಗಿಲಿನ ಗುಳ ಸವೆದರೆ ಅದನ್ನು ಕುಲುಮೆಗೆ ಕೊಂಡೊಯ್ದು ತಟ್ಟಿಸುತ್ತಾರೆಯೇ ಹೊರತು ನೇಗಿಲನ್ನು ಒಲೆಗೆ ಒಡ್ಡುವುದಿಲ್ಲ. ಆದರೆ ವಿದ್ಯುತ್ತಿನಿಂದ ನಡೆಯುವ ಯಂತ್ರವೊಂದು ಮನೆಯೊಳಗೆ ಬಂದು ಕೆಲವು ವರ್ಷ ಸಂದ ಮೇಲೆ ಅದರ ಒಂದು ಅಂಗ ಊನವಾಯಿತೆಂದರೆ ನಮ್ಮ ಈ ವಿವೇಕವೆಲ್ಲ ಎಲ್ಲಿಯೋ ಅಡಗಿಹೋಗುತ್ತದೆ. “ಹಳೆಯದಾಯಿತು, ಇನ್ನು ಹೊಸದನ್ನು ತರಬೇಕು” ಎಂಬ ಮಾತು ಪರೀಕ್ಷೆಗಿಂತ ಮೊದಲೇ ಬಾಯಿಂದ ಹೊರಡುತ್ತದೆ. ನೆಗಡಿ ಬಂದಿತೆಂದು ಮೂಗು ಕೊಯ್ದುಕೊಂಡ ಗಾದೆಯವನು ಇಂದು ಬದುಕಿದ್ದರೆ ಯಂತ್ರಗಳ ವ್ಯಾಪಾರಿಗಳಿಗೆ ಒಳ್ಳೆಯ ಗಿರಾಕಿಯಾಗಿರುತ್ತಿದ್ದನು.

ಇಲ್ಲಿ ನಾನು ಒಂದೇ ಒಂದು ಊನವನ್ನು ಎತ್ತಿಕೊಂಡು ಮಾತನಾಡಬೇಕೆಂದಿದ್ದೇನೆ. ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಮೇಜಿನ ಕಂಪ್ಯೂಟರು ಇನ್ನೂ ಅನೇಕ ಮನೆಗಳಲ್ಲಿ ಉಂಟು. ಗುಂಡಿಯನ್ನು ಒತ್ತಿದರೆ ಅದು ಏಳುತ್ತದೆ, ತೆರೆ ಬೆಳಗುತ್ತದೆ, ಅಕ್ಷರಗಳು ಮೂಡುತ್ತವೆ, ಲೆಕ್ಕ ತಪ್ಪುವುದಿಲ್ಲ. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಅದರ ದನಿ ಉಡುಗುತ್ತದೆ. ಚಿತ್ರದಲ್ಲಿ ಗಾಯಕನ ತುಟಿ ಅಲುಗುತ್ತಿರುತ್ತದೆ, ಹಾಡು ಮಾತ್ರ ಕೇಳಿಸದು. ಅಂಗಡಿಗೆ ಒಯ್ದರೆ “ಮದರ್‌ಬೋರ್ಡು ಹೋಗಿದೆ” ಎಂಬ ತೀರ್ಪು ಬರುವುದುಂಟು. ಆ ತೀರ್ಪು ಕೆಲವು ವೇಳೆ ನಿಜವಾಗಿರಬಹುದು. ಬಹಳ ವೇಳೆ ಅದು ಪರೀಕ್ಷೆಯ ಶ್ರಮವನ್ನು ಉಳಿಸಿಕೊಳ್ಳುವ ಮಾತು ಮಾತ್ರವೆಂದು ನನ್ನ ಅಭಿಪ್ರಾಯ. ಮೂಕವಾದ ಕಂಪ್ಯೂಟರನ್ನು ತಾಳ್ಮೆಯಿಂದ ನೋಡಿದರೆ ಬಿಡಿಕಾಸೂ ಇಲ್ಲದೆ, ಅಥವಾ ಕೆಲವು ನೂರು ರೂಪಾಯಿಗಳ ಖರ್ಚಿನಲ್ಲಿ, ಅದಕ್ಕೆ ಮಾತು ಬರಿಸುವುದು ಸಾಧ್ಯ. ಇದು ತಜ್ಞರ ಸೊತ್ತಾದ ವಿದ್ಯೆಯಲ್ಲ. ಒಂಬತ್ತನೆಯ ತರಗತಿಯ ಹುಡುಗನೂ ಹುಡುಗಿಯೂ ಮಾಡಬಲ್ಲ ಕೆಲಸ.

“ದನಿ ಹೋದರೆ ಹೋಗಲಿ, ಹಾಡು ಕೇಳುವುದಕ್ಕೆ ಕಂಪ್ಯೂಟರೇ ಬೇಕೆ?” ಎಂದು ಹಿರಿಯರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಕಣ್ಣುಳ್ಳವರಿಗೆ ದನಿಯಿಲ್ಲದ ಕಂಪ್ಯೂಟರು ಅರೆ ಉಪಯೋಗದ ವಸ್ತು. ಆದರೆ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಅದರ ಮುಂದೆ ಕುಳಿತಿರುವುದನ್ನು ನೆನೆಯಿರಿ. ತೆರೆಯ ಮೇಲೆ ಏನು ಬರೆದಿದೆ ಎಂಬುದನ್ನು ಓದಿ ಹೇಳುವ ತಂತ್ರಾಂಶಗಳು ಇಂದು ಇವೆ. ಅವುಗಳಲ್ಲೊಂದಾದ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬವರು ಬರೆಯಲಾರಂಭಿಸಿದರು. ಅವರ ಗೆಳೆಯ ಜೇಮ್ಸ್ ತೇ ಎಂಬವರು ಜೊತೆಗೂಡಿದರು. ಇಬ್ಬರೂ ದೃಷ್ಟಿಯಿಲ್ಲದವರು. ಕಾಣುವವರು ಹಣ ಕೊಡದೆ ಬಳಸುವ ತೆರೆಯನ್ನು ಕಾಣದವರು ಮಾತ್ರ ದುಬಾರಿ ಬೆಲೆ ತೆತ್ತು ಬಳಸಬೇಕೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆದುದರಿಂದ ಅದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯುವಂತೆ ಮಾಡಿದರು. ಅದು ಕನ್ನಡವನ್ನೂ ಓದಬಲ್ಲದು. ಉಚ್ಚಾರಣೆ ಇನ್ನೂ ಯಂತ್ರದ್ದೇ ಸರಿ, ಆದರೂ ಪಾಠ ತಿಳಿಯುತ್ತದೆ. ಇಂಥ ವಿದ್ಯಾರ್ಥಿನಿಯ ಮನೆಯ ಹಳೆಯ ಕಂಪ್ಯೂಟರಿನ ದನಿ ಉಡುಗಿದರೆ ಅವಳ ಪಾಲಿಗೆ ತೆರೆಯ ದೀಪವೇ ಆರಿತು. ಹೊಸದನ್ನು ತರಲು ಮೂವತ್ತು ನಲವತ್ತು ಸಾವಿರ ಬೇಕೆಂದು ಆ ಮನೆಯವರಿಗೆ ಹೇಳುವ ಮೊದಲು, ಹೇಳುವವನು ಆ ಯಂತ್ರವನ್ನು ಸರಿಯಾಗಿ ಪರೀಕ್ಷಿಸಿರಬೇಕಾದುದು ಅವನ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಪರೀಕ್ಷೆಗೆ ಒಂದು ಕ್ರಮ ಬೇಕು. ಆ ಕ್ರಮವನ್ನು ನಮ್ಮ ಹಳ್ಳಿಗಳಿಂದಲೇ ಕಲಿಯಬಹುದು. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸಕ್ಕೆ ನೀರಗಂಟಿ ಎಂಬವನಿರುತ್ತಿದ್ದನು. ಕೆಲವು ಕಡೆ ಈಗಲೂ ಇದ್ದಾನೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದು ದೂರು ಬಂದರೆ ಅವನು ಕೆರೆಯ ಏರಿ ಒಡೆಯಿತೆಂದು ಕೂಗುವುದಿಲ್ಲ. ಗದ್ದೆಯ ಬದುವಿನಿಂದ ಹೊರಟು ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತಾನೆ. ಎಲ್ಲಿ ಕಸ ಕಟ್ಟಿದೆ, ಎಲ್ಲಿ ಏಡಿ ಬಿಲ ಕೊರೆದಿದೆ, ಯಾರು ತಮ್ಮ ಗದ್ದೆಗೆ ಮಡೆ ತಿರುಗಿಸಿಕೊಂಡಿದ್ದಾರೆ ಎಂದು ನೋಡುತ್ತ ಹೋಗಿ, ಕೊನೆಗೆ ತೂಬಿನ ಬಳಿಗೆ ಬರುತ್ತಾನೆ. ಕಂಪ್ಯೂಟರಿನ ದನಿಯೂ ಇಂಥದೇ ಒಂದು ಕಾಲುವೆಯಲ್ಲಿ ಹರಿದು ಬರುತ್ತದೆ.

ಯಂತ್ರದೊಳಗೆ ಹಾಡು ಹಾಡಾಗಿರುವುದಿಲ್ಲ, ಸಂಖ್ಯೆಗಳಾಗಿರುತ್ತದೆ. ಸಿ.ಡಿ.ಯ ಕ್ರಮದಲ್ಲಿ ಒಂದು ಸೆಕೆಂಡಿನ ದನಿಯನ್ನು ಎಡಗಿವಿಗೆ 44,100, ಬಲಗಿವಿಗೆ 44,100 ಸಂಖ್ಯೆಗಳಲ್ಲಿ ಬರೆದಿಡುತ್ತಾರೆ. ಈ ಸಂಖ್ಯೆಗಳನ್ನು ಡ್ರೈವರ್ ಎಂಬ ತಂತ್ರಾಂಶವು ಮದರ್‌ಬೋರ್ಡಿನ ಮೇಲಿರುವ, ಹುಣಿಸೆಬೀಜಕ್ಕಿಂತ ಹೆಚ್ಚು ದೊಡ್ಡದಲ್ಲದ ಒಂದು ಚಿಪ್ಪಿಗೆ ಒಪ್ಪಿಸುತ್ತದೆ. ಆ ಚಿಪ್ಪು ಸಂಖ್ಯೆಗಳನ್ನು ಏರಿಳಿಯುವ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತು ಪೆಟ್ಟಿಗೆಯ ಹಿಂಬದಿಯ ಹಸಿರು ಬಣ್ಣದ ರಂಧ್ರಕ್ಕೆ ಬಂದು, ವಯರಿನಲ್ಲಿ ಹರಿದು, ಸ್ಪೀಕರಿನೊಳಗೆ ದೊಡ್ಡದಾಗಿ, ಅಲ್ಲಿಯ ಹಾಳೆಯನ್ನು ನಡುಗಿಸಿದಾಗ ಗಾಳಿ ಅಲುಗಿ ನಮಗೆ ಹಾಡು ಕೇಳುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆ ಬಿದ್ದರೂ ಫಲ ಒಂದೇ, ಮೌನ. ಮೌನಕ್ಕೆ ಕಾರಣ ಯಾವುದೆಂದು ಮೌನವೇ ಹೇಳುವುದಿಲ್ಲವಾದುದರಿಂದ ನೀರಗಂಟಿಯಂತೆ ನಡೆಯಬೇಕಾಗಿದೆ.

ಮೊದಲು ಕೊನೆಯ ಗದ್ದೆ. ಸ್ಪೀಕರನ್ನು ಕಂಪ್ಯೂಟರಿನಿಂದ ಬಿಡಿಸಿ, ಕಿವಿಯ ವಯರನ್ನು ಸಿಕ್ಕಿಸುವ ರಂಧ್ರವುಳ್ಳ ಒಂದು ಮೊಬೈಲಿಗೋ ರೇಡಿಯೋವಿಗೋ ಜೋಡಿಸಿ ನೋಡಬೇಕು. ಅಲ್ಲಿಯೂ ಮೂಕವಾದರೆ ಕಂಪ್ಯೂಟರು ನಿರಪರಾಧಿ; ಸ್ಪೀಕರಿನ ವಿದ್ಯುತ್ತನ್ನೋ ವಯರನ್ನೋ ನೋಡಿಕೊಂಡರೆ ಸಾಕು. ವಯರು ಸಾಮಾನ್ಯವಾಗಿ ಪಿನ್ನಿನ ಕೊರಳ ಬಳಿಯಲ್ಲಿ ಒಳಗೊಳಗೇ ತುಂಡಾಗಿರುತ್ತದೆ. ಅಲ್ಲಿ ಬಾಗಿಸಿದಾಗ ಕರಕರ ಸದ್ದು ಬಂದರೆ ಅದೇ ಗುರುತು. ಸ್ಪೀಕರು ಸರಿಯಾಗಿದ್ದರೆ ಮುಂದಿನದು ರಂಧ್ರಗಳ ಬಣ್ಣ. ಹಸಿರು ದನಿ ಹೊರಡುವ ದಾರಿ, ಗುಲಾಬಿ ಮೈಕಿನದು, ತಿಳಿನೀಲಿ ಹೊರಗಿನ ದನಿ ಒಳಬರುವುದಕ್ಕೆ. ಮನೆ ಗುಡಿಸುವಾಗ ಮೇಜನ್ನು ಸರಿಸಿ, ಎಲ್ಲ ವಯರುಗಳನ್ನು ಕಿತ್ತು, ಮರಳಿ ಸಿಕ್ಕಿಸುವಾಗ ಹಸಿರಿನದನ್ನು ಗುಲಾಬಿಗೆ ಸಿಕ್ಕಿಸಿದ ಮನೆಗಳು ಎಷ್ಟೋ. ದೀಪಾವಳಿಯ ಮರುದಿನ ಮೂಕವಾದ ಕಂಪ್ಯೂಟರನ್ನು ಕಂಡರೆ ನಾನು ಮೊದಲು ನೋಡುವುದು ಇದನ್ನೇ.

ಆಮೇಲೆ ತೆರೆಯ ಮೇಲಿನ ಪರೀಕ್ಷೆ. ಮೂಲೆಯ ಸ್ಪೀಕರಿನ ಚಿತ್ರಕ್ಕೆ ಅಡ್ಡಗೆರೆ ಬಿದ್ದಿದೆಯೆ? ಕೀಲಿಮಣೆಯ ಮೇಲೆ ದನಿ ನಿಲ್ಲಿಸುವ ಕೀಲಿಯನ್ನು ಮನೆಯ ಮಗು ಒತ್ತಿರಬಹುದು. ದನಿ ಬೇರೆ ದಾರಿ ಹಿಡಿದಿದೆಯೆ? ಹಳೆಯ ಪೆಟ್ಟಿಗೆಗೆ ಹೊಸ ತೆರೆಯನ್ನು ಎಚ್‌ಡಿಎಂಐ ವಯರಿನಿಂದ ಜೋಡಿಸಿದಾಗ ಹೀಗಾಗುವುದು ಸಾಮಾನ್ಯ. ಆ ವಯರು ಚಿತ್ರದೊಡನೆ ದನಿಯನ್ನೂ ಒಯ್ಯಬಲ್ಲುದರಿಂದ, ಯಂತ್ರವು ದನಿಯನ್ನೆಲ್ಲ ತೆರೆಯ ಕಡೆಗೆ ಕಳುಹಿಸಿಬಿಡುತ್ತದೆ. ತೆರೆಯಲ್ಲಿ ಸ್ಪೀಕರೇ ಇಲ್ಲದಿದ್ದರೆ ಆ ದನಿ ಬಂಜರಿನಲ್ಲಿ ಹರಿದ ನೀರು. ಮಡೆ ತಿರುಗಿಸುವುದು ಸುಲಭ; ಸ್ಪೀಕರಿನ ಚಿತ್ರವನ್ನು ಒತ್ತಿ ದನಿಯ ಸಾಧನವನ್ನು ಬದಲಿಸಿದರೆ ಆಯಿತು. ಲಿನಕ್ಸ್ ಬಳಸುವವರು ಆಲ್ಸಾಮಿಕ್ಸರ್ ಎಂಬ ಸಣ್ಣ ತಂತ್ರಾಂಶವನ್ನು ತೆರೆದು, ಯಾವುದಾದರೂ ಕಂಬದ ಕೆಳಗೆ ‘ಎಂಎಂ’ ಎಂಬ ಎರಡು ಅಕ್ಷರಗಳು ಇವೆಯೆ ಎಂದು ನೋಡಬೇಕು. ಇದ್ದರೆ ಆ ದಾರಿ ಮುಚ್ಚಿದೆ ಎಂದರ್ಥ. ‘ಎಂ’ ಕೀಲಿಯನ್ನು ಒಮ್ಮೆ ಒತ್ತಿದರೆ ತೆರೆಯುತ್ತದೆ. ಡ್ರೈವರ್ ಕೆಟ್ಟಿದ್ದರೆ ಅದನ್ನು ತೆಗೆದುಹಾಕಿ ಯಂತ್ರವನ್ನು ಮರಳಿ ಎಬ್ಬಿಸುವುದು ಒಂದು ಉಪಾಯ. ಹಲವು ಸಲ ಅದು ತಾನಾಗಿಯೇ ಸರಿಯಾದುದನ್ನು ಹುಡುಕಿಕೊಳ್ಳುತ್ತದೆ. ಇಷ್ಟರ ತನಕ ಒಂದು ಕಾಸೂ ಖರ್ಚಾಗಿಲ್ಲವೆಂಬುದನ್ನು ಗಮನಿಸಿರಿ.

ಇನ್ನು ಮುಂದಿನದು ಪೆಟ್ಟಿಗೆಯೊಳಗಿನ ಸಂಗತಿ. ಇಲ್ಲಿ ಸ್ವಲ್ಪ ಇತಿಹಾಸವನ್ನು ಹೇಳದೆ ವಿಷಯ ತಿಳಿಯದು.

1981ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ತನ್ನ ‘ಪಿ.ಸಿ.’ಯನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಹಾಡುವ ಕಂಠವಿರಲಿಲ್ಲ. ಒಳಗೊಂದು ಸಣ್ಣ ಸ್ಪೀಕರಿತ್ತು. ಅದು ಕೀಚುದನಿಯಲ್ಲಿ ‘ಬೀಪ್’ ಎನ್ನುತ್ತಿತ್ತು, ಅಷ್ಟೆ. ಕಚೇರಿಯ ಯಂತ್ರಕ್ಕೆ ಸಂಗೀತವೇಕೆ ಎಂದು ಅದನ್ನು ಮಾಡಿದವರು ಎಣಿಸಿದ್ದಿರಬೇಕು. ಮನೆಗಾಗಿ ಮಾಡಿದ ಯಂತ್ರಗಳಲ್ಲಿ ಹಾಗಿರಲಿಲ್ಲ. 1982ರಲ್ಲಿ ಬಂದ ಕೊಮೊಡೋರ್ 64ರಲ್ಲಿ ಬಾಬ್ ಯಾನಸ್ ಎಂಬ ಯುವಕನು ರೂಪಿಸಿದ ದನಿಯ ಚಿಪ್ಪು ಏಕಕಾಲದಲ್ಲಿ ಮೂರು ಸ್ವರಗಳನ್ನು ಹೊರಡಿಸುತ್ತಿತ್ತು. ಪಿ.ಸಿ.ಗೆ ನಿಜವಾದ ದನಿ ಬಂದುದು ಹೊರಗಿನಿಂದ ಸಿಕ್ಕಿಸುವ ಕಾರ್ಡುಗಳ ಮೂಲಕ. 1987ರಲ್ಲಿ ಕೆನಡಾದ ಆಡ್‌ಲಿಬ್ ಸಂಸ್ಥೆಯ ಕಾರ್ಡು ಬಂದಿತು. 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಸಂಸ್ಥೆ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡನ್ನು ಹೊರತಂದು ಲೋಕವನ್ನೆಲ್ಲ ಗೆದ್ದಿತು.

ಈ ಕ್ರಿಯೇಟಿವ್ ಸಂಸ್ಥೆಯ ಕತೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಅದರ ಸ್ಥಾಪಕ ಸಿಮ್ ವಾಂಗ್ ಹೂ ಎಂಬವರು 1981ರಲ್ಲಿ ಸಿಂಗಾಪುರದ ಒಂದು ವ್ಯಾಪಾರ ಸಂಕೀರ್ಣದಲ್ಲಿ ತೆರೆದುದು ಕಂಪ್ಯೂಟರು ದುರಸ್ತಿಯ ಅಂಗಡಿಯನ್ನು. ಬಿಚ್ಚಿ ಜೋಡಿಸುತ್ತ, ಯಾವ ಯಂತ್ರದಲ್ಲಿ ಏನು ಕೊರತೆಯಿದೆ ಎಂಬುದನ್ನು ಕೈಯಿಂದಲೇ ತಿಳಿದುಕೊಂಡ ಮನುಷ್ಯ ಆತ. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅದೇ ಸಂಸ್ಥೆಯನ್ನು ನಡೆಸಿದರು. ದುರಸ್ತಿಯ ಅಂಗಡಿಯನ್ನು ಕೀಳಾಗಿ ಕಾಣುವವರು ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

1990ರ ದಶಕದ ಕೊನೆಯ ಹೊತ್ತಿಗೆ ಕಾರ್ಡಿನ ಕೆಲಸವನ್ನು ಮದರ್‌ಬೋರ್ಡಿನ ಮೇಲೆಯೇ ಒಂದು ಚಿಪ್ಪು ಮಾಡತೊಡಗಿತು. ಇಂಟೆಲ್ ಸಂಸ್ಥೆ 1997ರಲ್ಲಿ ಎಸಿ’97 ಎಂಬ ಕ್ರಮವನ್ನೂ 2004ರಲ್ಲಿ ಎಚ್‌ಡಿ ಆಡಿಯೋ ಎಂಬ ಕ್ರಮವನ್ನೂ ಗೊತ್ತುಮಾಡಿತು. ಹಳೆಯ ಯಂತ್ರಗಳ ಮೌನದ ಬಹು ವಿಚಿತ್ರವಾದ ಕಾರಣವೊಂದು ಈ ಮೊದಲನೆಯ ಕ್ರಮದಲ್ಲಿ ಅಡಗಿದೆ. ಪೆಟ್ಟಿಗೆಯ ಮುಂಬದಿಯಲ್ಲಿ ಕಿವಿಗೆ ಹಾಕುವ ವಯರಿಗೆ ಒಂದು ರಂಧ್ರವಿರುತ್ತದೆಯಷ್ಟೆ. ಅದಕ್ಕೆ ಪಿನ್ನು ಸಿಕ್ಕಿಸಿದರೆ ಹಿಂಬದಿಯ ಸ್ಪೀಕರು ಸುಮ್ಮನಾಗಬೇಕು. ಇದಕ್ಕಾಗಿ ದನಿಯನ್ನು ಮೊದಲು ಮುಂಬದಿಗೆ ಕಳುಹಿಸಿ, ಅಲ್ಲಿ ಪಿನ್ನು ಇಲ್ಲದಿದ್ದರೆ ಮಾತ್ರ ಅದು ಹಿಂಬದಿಗೆ ಮರಳುವಂತೆ ಏರ್ಪಾಡು ಮಾಡಿದ್ದರು. ಮುಂಬದಿಯ ವಯರನ್ನು ಜೋಡಿಸದೆ ಇರುವ ಪೆಟ್ಟಿಗೆಗಳಲ್ಲಿ ದಾರಿ ಕಡಿಯಬಾರದೆಂದು, ಮದರ್‌ಬೋರ್ಡಿನ ಸೂಜಿಗಳಲ್ಲಿ 5ನೆಯದನ್ನೂ 6ನೆಯದನ್ನೂ, 9ನೆಯದನ್ನೂ 10ನೆಯದನ್ನೂ ಜೋಡಿಸುವ ಎರಡು ಪುಟ್ಟ ಜಂಪರುಗಳನ್ನು ತೊಡಿಸುತ್ತಿದ್ದರು. ಅಕ್ಕಿಕಾಳಿನಷ್ಟೇ ದೊಡ್ಡವು ಅವು. ಯಾರೋ ಪೆಟ್ಟಿಗೆಯನ್ನು ಬದಲಿಸುತ್ತಾರೆ. ಮುಂಬದಿಯ ವಯರು ಬಿಟ್ಟುಹೋಗುತ್ತದೆ. ಜಂಪರುಗಳನ್ನು ಮರಳಿ ತೊಡಿಸಲು ಮರೆಯುತ್ತಾರೆ. ಚಿಪ್ಪು ಹಾಡುತ್ತಲೇ ಇರುತ್ತದೆ, ದನಿ ಮಾತ್ರ ಮುಂಬದಿಗೆ ಹೋಗುವ ತುಂಡುದಾರಿಯ ಬಾಯಲ್ಲಿ ನಿಂತುಬಿಡುತ್ತದೆ. ಹಳೆಯ ಬೋರ್ಡುಗಳಿಂದ ಬಿಚ್ಚಿದ ಇಂಥ ಜಂಪರುಗಳನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಅಂಗಡಿಯವರು ಹಣ ತೆಗೆದುಕೊಳ್ಳಲು ನಾಚಿಕೊಂಡಾರು.

ಮುಂಬದಿಯ ವಯರು ಜೋಡಿಸಿಯೇ ಇದ್ದರೂ ಇದೇ ತೊಂದರೆ ಬೇರೊಂದು ರೂಪದಲ್ಲಿ ಬರುತ್ತದೆ. ಆ ರಂಧ್ರದೊಳಗೆ ಪಿನ್ನಿನ ಇರವನ್ನು ತಿಳಿಯುವ ಒಂದು ತೆಳು ಲೋಹದ ಎಸಳು ಇರುತ್ತದೆ. ನಮ್ಮ ಮಳೆಗಾಲದ ತೇವ, ಬೇಸಗೆಯ ಧೂಳು ಸೇರಿ ಅದರ ಮೇಲೆ ಕಿಲುಬು ಕಟ್ಟಿದರೆ, ಪಿನ್ನು ಇಲ್ಲದಿದ್ದರೂ ಹಿಂದಿರುಗುವ ದಾರಿ ಕೂಡಿಕೊಳ್ಳುವುದಿಲ್ಲ. ಮದ್ದು ಏನೆಂದರೆ, ಯಂತ್ರವನ್ನು ಆರಿಸಿ, ಒಂದು ಪಿನ್ನನ್ನು ಆ ರಂಧ್ರಕ್ಕೆ ಹತ್ತಿಪ್ಪತ್ತು ಸಲ ಹಾಕಿ ತೆಗೆಯುವುದು. ಕಿಲುಬು ಉಜ್ಜಿಹೋಗುತ್ತದೆ. ಪಿನ್ನಿನ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಒಂದು ತೊಟ್ಟು ಸವರಿಕೊಂಡರೆ ಇನ್ನೂ ಲೇಸು. ಅದು ಪೂರ್ತಿ ಆರಿದ ಮೇಲೆಯೇ ಯಂತ್ರವನ್ನು ಹಚ್ಚಬೇಕು. ಹೊಸ ಕ್ರಮದ ಬೋರ್ಡಿಗೆ ಹಳೆಯ ಕ್ರಮದ ಪೆಟ್ಟಿಗೆ ಜೋಡಿಸಿದ್ದರೆ, ಪಿನ್ನು ಸದಾ ಇದೆಯೆಂದೇ ಯಂತ್ರ ಭ್ರಮಿಸುವುದುಂಟು. ದನಿಯ ನಿಯಂತ್ರಣ ಪುಟದಲ್ಲಿ ‘ಮುಂಬದಿಯ ರಂಧ್ರವನ್ನು ಗಮನಿಸಬೇಡ’ ಎಂಬರ್ಥದ ಒಂದು ಆಯ್ಕೆ ಅನೇಕ ಯಂತ್ರಗಳಲ್ಲಿ ಇರುತ್ತದೆ. ಅದನ್ನು ಗುರುತು ಮಾಡಿದರೆ ಭ್ರಮೆ ಬಿಡುತ್ತದೆ.

ಇದರ ನಂತರ ಬರುವುದು ಕೆಪಾಸಿಟರುಗಳ ಮುಪ್ಪು. ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಉರುಳೆಗಳಂಥವು ಇವು, ಒಳಗೆ ದ್ರವವಿರುತ್ತದೆ. ವರ್ಷಗಳು ಕಳೆದಂತೆ ಆ ದ್ರವ ಆರುತ್ತದೆ ಅಥವಾ ಸೋರುತ್ತದೆ. ತಲೆ ಉಬ್ಬಿದ ಕೆಪಾಸಿಟರು ಬರಿಗಣ್ಣಿಗೇ ಕಾಣುತ್ತದೆ. 2000ದಿಂದೀಚೆಗಿನ ಕೆಲವು ವರ್ಷಗಳಲ್ಲಿ ತಯಾರಾದ ಬಹು ಬೋರ್ಡುಗಳು ಇಂಥ ಕಳಪೆ ಕೆಪಾಸಿಟರುಗಳಿಂದ ಅಕಾಲದಲ್ಲಿ ಕೆಟ್ಟವು. 1992ರ ಅಮಿಗಾ 1200 ಎಂಬ ಮನೆಯ ಕಂಪ್ಯೂಟರನ್ನು ಇಂದಿಗೂ ಪ್ರೀತಿಯಿಂದ ಕಾಪಾಡುವವರು ಯೂರೋಪಿನಲ್ಲಿ ಬಹಳ ಮಂದಿ ಇದ್ದಾರೆ. ಅದರ ದನಿ ಕ್ಷೀಣಿಸಿತೆಂದರೆ ಅವರು ಮೊದಲು ಸಂಶಯಪಡುವುದು ಸೋರಿದ ಕೆಪಾಸಿಟರುಗಳನ್ನೇ. ಬಿಡಿ ಕೆಪಾಸಿಟರಿನ ಬೆಲೆ ಕೆಲವೇ ರೂಪಾಯಿ. ಆದರೆ ಬೆಸುಗೆಯ ಕೈ ಪಳಗಿರಬೇಕು; ಪಳಗದ ಕೈ ಬೋರ್ಡಿನ ತಾಮ್ರದ ಗೆರೆಯನ್ನೇ ಕಿತ್ತುಬಿಡುತ್ತದೆ. ರೇಡಿಯೋ, ಟಿ.ವಿ. ರಿಪೇರಿಯ ಹಳೆಯ ಕುಶಲಿಗಳು ತಾಲ್ಲೂಕು ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದ್ದಾರೆ. ಅವರ ಬಳಿಗೆ ಹೋಗುವುದು ಉತ್ತಮ.

ಪೆಟ್ಟಿಗೆಯನ್ನು ತೆರೆಯುವವರಿಗೆ ಒಂದು ಎಚ್ಚರಿಕೆ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು, ವಯರನ್ನು ಕಿತ್ತಿಡಬೇಕು. ಒಳಗಿನ ಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬರಿ ಲೋಹವನ್ನು ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಒಳಗೆ ಫ್ಯಾನು ಉಳ್ಳ ಒಂದು ಲೋಹದ ಡಬ್ಬಿಯಿದೆ; ಎಸ್‌ಎಂಪಿಎಸ್ ಎನ್ನುತ್ತಾರೆ. ಅದನ್ನು ಯಾವ ಕಾರಣಕ್ಕೂ ಬಿಚ್ಚಕೂಡದು. ವಯರನ್ನು ಕಿತ್ತ ಮೇಲೂ ಅದರೊಳಗೆ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ತು ಸ್ವಲ್ಪ ಹೊತ್ತು ನಿಂತಿರಬಲ್ಲುದು. ದನಿಗೂ ಅದಕ್ಕೂ ನೇರವಾದ ಸಂಬಂಧವೂ ಇಲ್ಲ.

ಇಷ್ಟೆಲ್ಲ ಆಗಿಯೂ ದನಿ ಬರಲಿಲ್ಲವೆನ್ನಿ. ಚಿಪ್ಪೇ ಸತ್ತಿದೆ ಎಂದು ಆಗ ಒಪ್ಪಬಹುದು. ಆದರೆ ಚಿಪ್ಪು ಸತ್ತರೆ ಕಂಪ್ಯೂಟರು ಸತ್ತಂತೆಯೆ? ದನಿಯೆಂಬುದು ಪಿ.ಸಿ.ಗೆ ಹೊರಗಿನಿಂದ ಬಂದ ಅಂಗವೆಂಬುದನ್ನು ಆಗಲೇ ನೋಡಿದೆವು. ಹೊರಗಿನಿಂದ ಬಂದುದನ್ನು ಮತ್ತೊಮ್ಮೆ ಹೊರಗಿನಿಂದಲೇ ತರಬಹುದಲ್ಲವೆ? ಹೆಬ್ಬೆರಳಿನ ಗಾತ್ರದ ಯು.ಎಸ್‌.ಬಿ. ಸೌಂಡ್ ಕಾರ್ಡು ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಒಂದು ತುದಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಇನ್ನೊಂದು ತುದಿಗೆ ಸ್ಪೀಕರನ್ನು ಜೋಡಿಸಿದರೆ, ಕೆಟ್ಟ ಚಿಪ್ಪನ್ನು ಬದಿಗಿರಿಸಿ ದನಿ ಹೊಸ ಕಾಲುವೆಯಲ್ಲಿ ಹರಿಯುತ್ತದೆ. ಇಂಥ ಕಾರ್ಡುಗಳು ಎಲ್ಲರೂ ಒಪ್ಪಿದ ಒಂದು ಸಾಮಾನ್ಯ ಕ್ರಮದಂತೆ ನಡೆಯುವುದರಿಂದ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಬೇರೆ ಡ್ರೈವರನ್ನು ಬೇಡುವುದಿಲ್ಲ. ಇದನ್ನು ಕೊನೆಯ ಉಪಾಯವೆಂದೆ. ಪರೀಕ್ಷೆಗೆ ಬೇಕಾದರೆ ಮೊದಲೇ ಒಬ್ಬ ಗೆಳೆಯನಿಂದ ಎರವಲು ತಂದು ನೋಡಬಹುದು: ಕಾರ್ಡಿನಿಂದ ದನಿ ಬಂದರೆ ತಂತ್ರಾಂಶದ ಹಾಡುವ ಭಾಗ ಸರಿಯಿದೆ, ತಡೆಯಿರುವುದು ಬೋರ್ಡಿನ ಚಿಪ್ಪಿನಿಂದ ರಂಧ್ರದವರೆಗಿನ ದಾರಿಯಲ್ಲಿ ಅಥವಾ ಆ ಚಿಪ್ಪಿನ ಡ್ರೈವರಿನಲ್ಲಿ ಎಂದು ನಿಶ್ಚಯವಾಗುತ್ತದೆ.

ಹಳೆಯದನ್ನು ಉಳಿಸಬೇಕೆಂಬ ಮಾತಿಗೆ ಎದುರುಮಾತುಗಳಿವೆ. ಹಳೆಯ ಯಂತ್ರ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ, ನಿಧಾನವಾಗಿದೆ ಎಂಬುದು ಒಂದು. ಇನ್ನೊಂದು ಇದಕ್ಕಿಂತ ಬಲವಾದುದು: ವಿಂಡೋಸ್ 10ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು, ಹದಿನೈದು ವರ್ಷದ ಯಂತ್ರಗಳನ್ನು ವಿಂಡೋಸ್ 11 ತನ್ನ ಪಟ್ಟಿಗೆ ಸೇರಿಸಿಕೊಂಡಿಲ್ಲ. ರಕ್ಷಣೆಯಿಲ್ಲದ ಯಂತ್ರವನ್ನು ಅಂತರ್ಜಾಲಕ್ಕೆ ಬಿಡುವುದು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬ್ಯಾಂಕಿನ ವ್ಯವಹಾರವನ್ನು ಅಂಥ ಯಂತ್ರದಲ್ಲಿ ಮಾಡಬಾರದು. ಆದರೆ ಅದರಲ್ಲಿ ಲಿನಕ್ಸನ್ನು ಹೂಡಬಹುದು, ಅದಕ್ಕೂ ಬೆಲೆಯಿಲ್ಲ. ತೆರೆಯನ್ನು ಓದಿ ಹೇಳುವ ಓರ್ಕಾ ಎಂಬ ತಂತ್ರಾಂಶವು ಅಲ್ಲಿಯೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಯಂತ್ರವನ್ನು ಬಿಡುವುದಾದರೆ ಬಿಡತಕ್ಕ ಕಾರಣಕ್ಕೆ ಬಿಡೋಣ. ದನಿ ಉಡುಗಿತೆಂಬ ಕಾರಣಕ್ಕೆ ಬಿಡುವುದು ಲೆಕ್ಕ ತಪ್ಪಿದ ವ್ಯವಹಾರ. ಬೋರ್ಡೇ ಸುಟ್ಟು ಕರಕಾದ ಯಂತ್ರಕ್ಕೆ ಹಣ ಸುರಿಯಬೇಕೆಂದು ಯಾರೂ ಹೇಳುತ್ತಿಲ್ಲ.

ಬಿಸಾಡಿದುದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ಕಸ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದುದಕ್ಕೆ ದಾಖಲೆ ಇರುವುದು ನೂರಕ್ಕೆ 22.3 ಪಾಲಿಗೆ ಮಾತ್ರ. ಉಳಿದುದರಲ್ಲಿ ಎಷ್ಟೋ ಭಾಗ ಬಡವರ ಕೈಗೆ ಬಂದು, ತಾಮ್ರಕ್ಕಾಗಿ ವಯರು ಸುಡುವ ಹೊಗೆಯಾಗಿ, ಹಳೆಯ ಬೆಸುಗೆಯ ಸೀಸವಾಗಿ ಅವರ ಮೈಗೂ ಮಣ್ಣಿಗೂ ಸೇರುತ್ತದೆ. ನಮ್ಮ ದೇಶದಲ್ಲಿ 2022ರಲ್ಲಿ ರೂಪಿಸಿದ ಇ-ತ್ಯಾಜ್ಯದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅವು ತಯಾರಕರಿಗೆ ಹೊಣೆ ಹೊರಿಸಿವೆ. ದುರಸ್ತಿ ಮಾಡಿ ಮರಳಿ ಬಳಕೆಗೆ ತರುವವರನ್ನೂ ಗುರುತಿಸಿವೆ. ಫ್ರಾನ್ಸ್ ದೇಶವು 2021ರ ಜನವರಿ 1ರಿಂದ ಬಟ್ಟೆ ಒಗೆಯುವ ಯಂತ್ರ, ಮಡಿಲ ಕಂಪ್ಯೂಟರು ಮುಂತಾದವುಗಳ ಮೇಲೆ, ಅವು ದುರಸ್ತಿಗೆ ಎಷ್ಟು ಅನುಕೂಲವಾಗಿವೆ ಎಂಬುದನ್ನು ಹತ್ತಕ್ಕೆ ಇಷ್ಟು ಅಂಕವೆಂದು ಬರೆದು ಮಾರಬೇಕೆಂಬ ಕಾನೂನನ್ನು ತಂದಿತು. ಕೊಳ್ಳುವಾಗಲೇ ದುರಸ್ತಿಯ ಯೋಚನೆ ಬರಲಿ ಎಂಬುದು ಅದರ ಉದ್ದೇಶ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಹೆಸರಿನ ಒಂದು ಜಾಲತಾಣವನ್ನು ತೆರೆದು, ಬಿಡಿಭಾಗಗಳ ಮತ್ತು ದುರಸ್ತಿಯ ಮಾಹಿತಿಯನ್ನು ಒದಗಿಸುವಂತೆ ತಯಾರಕರನ್ನು ಕೇಳಿತು. ಅಂಕ ಹಾಕುವ ಪದ್ಧತಿ ಇಲ್ಲಿಯೂ ಬೇಗ ಬೇರೂರಬೇಕೆಂದು ನಾನು ಬಯಸುತ್ತೇನೆ.

ಆದರೆ ಹಕ್ಕನ್ನು ಕೊಟ್ಟರೂ ಬಳಸಲು ಕೈ ಬರಬೇಕಷ್ಟೆ. ಅದಕ್ಕೆ ತಕ್ಕ ಸ್ಥಳ ನಮ್ಮ ಪ್ರೌಢಶಾಲೆಗಳೇ. ಶಾಲೆಯ ಕಂಪ್ಯೂಟರು ಕೊಠಡಿಯಲ್ಲಿ ಬಟ್ಟೆ ಹೊದಿಸಿ ಮೂಲೆಗಿಟ್ಟ ಒಂದಾದರೂ ಹಳೆಯ ಪೆಟ್ಟಿಗೆ ಇದ್ದೇ ಇರುತ್ತದೆ. ಅದನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಬೇಕು. ಉಪಾಧ್ಯಾಯರು ಪಕ್ಕದಲ್ಲಿ ನಿಂತು, ಅವರಿಂದಲೇ ತೆರೆಯಿಸಿ, ದನಿಯ ದಾರಿಯನ್ನು ಬೆರಳಿಟ್ಟು ತೋರಿಸಬೇಕು. ಇದಕ್ಕೆ ಬೇಕಾದ ಸಾಮಗ್ರಿ ಎಷ್ಟು? ನಕ್ಷತ್ರದ ಮೂತಿಯ ಒಂದು ತಿರುಪುಳಿ, ಧೂಳು ಕೊಡಹಲು ಬಣ್ಣದ ಕುಂಚ, ಐಸೊಪ್ರೊಪೈಲಿನ ಒಂದು ಸೀಸೆ, ಹಾಡುವುದೆಂದು ಖಚಿತವಾಗಿ ಗೊತ್ತಿರುವ ಒಂದು ಸ್ಪೀಕರು, ನಾಲ್ಕು ಜಂಪರು, ಒಂದು ಯು.ಎಸ್‌.ಬಿ. ಸೌಂಡ್ ಕಾರ್ಡು. ಹೀಗೆ ಸರಿಮಾಡಿದ ಯಂತ್ರದಲ್ಲಿ ತೆರೆ ಓದುವ ತಂತ್ರಾಂಶವನ್ನು ಹೂಡಿ, ಊರಿನಲ್ಲಿ ಅದರ ಅಗತ್ಯವಿರುವ ಮನೆ ಯಾವುದೆಂದು ವಿಚಾರಿಸುವ ಕೆಲಸವನ್ನೂ ಆ ತರಗತಿಗೇ ಒಪ್ಪಿಸಬಹುದು.